ಗೇಮಕ್ಕನ ಒಂದೇ ಕೈ ಪಟ್ಟಿ

ಬಲಗೈಯನ್ನು ಸೆರಗಿನಲ್ಲಿ ಸುತ್ತಿ, ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡು, ಎಡಗೈ ಒಂದರಲ್ಲೇ ವಿಡಿಯೊ ಗೇಮ್ ಆಡುವ ಹೆಂಗಸನ್ನು ನೀವು ಯಾರಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ಹೊನ್ನಾವರ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ, ಗಿರಾಕಿಗಳಿಲ್ಲದ ಮಧ್ಯಾಹ್ನದ ಹೊತ್ತು, ಅರ್ಧ ಇಳಿಸಿದ ಶಟರಿನ ಒಳಗೆ. ಮೊದಲ ಸಲ ನೋಡಿದಾಗ ಪೆಟ್ಟಾಗಿದೆ ಎಂದುಕೊಂಡು, "ಎಂತಾ ಆತು ಅಕ್ಕಾ ಕೈಗೆ?" ಎಂದು ಕೇಳಿದ್ದೆ. "ಎಂತಾ ಆಗ್ಲಿಲ್ಲ ತಮ್ಮಾ. ಕೈ ಇಲ್ಲ ಅಂದ್ಕಂಡು ಆಡೂದು," ಎಂದಳು, ಪರದೆಯಿಂದ ಕಣ್ಣು ತೆಗೆಯದೆ. ನಾನು ಮಹಡಿಯ ಮೇಲಿನ ನನ್ನ ಕ್ಲಾಸಿಗೆ ಹೋದೆ.

ಅವಳು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಕುಮಟೆಯ ಮೀನು ಪೇಟೆಯಲ್ಲಿ. ಮಂಕಿ ಕಡೆಯಿಂದ ಬರುವ ಮೀನಿನವಳು ಬಂಗಡೆ ಎಣಿಸಿ ಚೀಲಕ್ಕೆ ಹಾಕುತ್ತಲೇ, "ನಿಮ್ಮ ಗೇಮಕ್ಕ ಹೋದ್ಳಲ್ಲ ಮಾಸ್ತರ್ರೆ, ಗೊತ್ತಿಲ್ವಾ? ಹದಿನೈದು ದಿನ ಆತು," ಎಂದಳು. ಚೀಲ ಹಿಡಿದುಕೊಂಡು ಮನೆಗೆ ಬಂದೆ. "ಎಂತ, ಮುಖ ಹೀಂಗೆ?" ಎಂದು ಹೆಂಡತಿ ಕೇಳಿದಳು. ತಲೆನೋವು ಎಂದೆ. ಹೇಳಬೇಕಾದವಳ ಎದುರಿಗೇ ಇಷ್ಟು ವರ್ಷ ಬಾಯಿ ಬಿಡದವನು, ಇನ್ನು ಹೆಂಡತಿಗೆ ಏನಂತ ಹೇಳುವುದು?

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹೊನ್ನಾವರದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕಲಿಸುತ್ತಿದ್ದೆ. ಮಹಡಿಯ ಮೇಲೆ ನಮ್ಮ ನಾಲ್ಕು ಕಂಪ್ಯೂಟರು, ಕೆಳಗೆ ಅವಳ ಎರಡು ಗೇಮಿನ ಪೆಟ್ಟಿಗೆಗಳು. ಆಳೆತ್ತರದ ಮರದ ಪೆಟ್ಟಿಗೆ, ಅದರೊಳಗೆ ಟಿವಿ, ಎದುರಿಗೆ ಒಂದು ಹ್ಯಾಂಡಲ್, ಪಕ್ಕದಲ್ಲಿ ಕೆಂಪು ಹಳದಿ ಬಟನ್‌ಗಳು. ಭಟ್ಕಳದಲ್ಲಿ ಯಾರೋ ಅಂಗಡಿ ಮುಚ್ಚುವಾಗ ಇವಳು ಹೋಗಿ ಟೆಂಪೊದಲ್ಲಿ ಹೇರಿಸಿಕೊಂಡು ಬಂದಿದ್ದಳಂತೆ. ಹೆಣ್ಣುಮಗಳೊಬ್ಬಳು ಗೇಮಿನ ಅಂಗಡಿ ಇಟ್ಟದ್ದು ಊರಿಗೆ ಸೋಜಿಗ. "ದಿನಸಿ ಅಂಗಡಿ ಇಡೂಕಾಗಿತ್ತಲ್ಲೇ," ಎಂದವರಿಗೆ, "ದಿನಸಿ ತಕಂಡು ಹೋಗೂರು ನಗ್ತ್ರಾ? ಇಲ್ಲಿ ಬಂದೂರು ನಗ್ತ್ರು," ಎಂದು ಉತ್ತರ ಕೊಡುತ್ತಿದ್ದಳು. ಅವಳ ನಿಜವಾದ ಹೆಸರು ರೇಶನ್ ಕಾರ್ಡಿನಲ್ಲಿ ಮಾತ್ರ ಉಳಿದಿತ್ತು. ಎಲ್ಲರಿಗೂ ಅವಳು ಗೇಮಕ್ಕ.

ಬಾಯಿ ಜೋರು. ಆಟ ಸೋತ ಸಿಟ್ಟಿಗೆ ಯಾರಾದರೂ ಕೆಟ್ಟ ಮಾತು ಆಡಿದರೆ ಸೀದಾ ಹೋಗಿ ಪ್ಲಗ್ಗು ಕಿತ್ತುಬಿಡುತ್ತಿದ್ದಳು. "ಹೋಗು, ಬಾಯಿ ತೊಳ್ಕಂಡು ಬಾ." ಸುಮ್ಮನೆ ಹೇಳುವ ಮಾತಲ್ಲ, ಎದುರಿನ ನಲ್ಲಿಗೆ ಹೋಗಿ ನಿಜವಾಗಿಯೂ ಮುಕ್ಕಳಿಸಿ ಬರಬೇಕು. ಮೀಸೆ ತಿರುವುವ ಬಸ್ ಕಂಡಕ್ಟರು ಒಬ್ಬ ಮೂರು ಸಲ ಮುಕ್ಕಳಿಸಿ ಬಂದದ್ದನ್ನು ನಾನೇ ಮಹಡಿಯ ಕಿಟಕಿಯಿಂದ ನೋಡಿದ್ದೇನೆ. ಆದರೆ ಸೋತವರು ಮುಖ ಸಣ್ಣ ಮಾಡಿಕೊಂಡು ಹೊರಟರೆ ಅವಳೇ ಕರೆದು ಇನ್ನೊಂದು ಆಟ ಬಿಟ್ಟುಕೊಡುತ್ತಿದ್ದಳು. "ನನ್ನ ಅಂಗಡಿಯಿಂದ ಯಾರೂ ಬೇಜಾರಲ್ಲಿ ಹೋಗೂಕಾಗ," ಎನ್ನುವುದು ಅವಳ ನಿಯಮ.

ಒಂದು ಮಳೆಗಾಲದಲ್ಲಿ ಎರಡೂ ಪೆಟ್ಟಿಗೆಗಳ ಒಳಗಿನ ಬೋರ್ಡು ತುಕ್ಕು ಹಿಡಿದು ಸತ್ತುಹೋಯಿತು. ರಿಪೇರಿಗೆ ಜನ ಇಲ್ಲ. ನಾನೇ ದೊಡ್ಡ ಮನುಷ್ಯನ ಹಾಗೆ ಇಳಿದು ಬಂದು, ಪೆಟ್ಟಿಗೆಯ ಒಳಗೆ ಒಂದು ಹಳೆಯ ಕಂಪ್ಯೂಟರ್ ಇಟ್ಟು, ಹ್ಯಾಂಡಲ್ಲಿನ ತಂತಿಯನ್ನು ಅದಕ್ಕೆ ಜೋಡಿಸಿಕೊಟ್ಟೆ. ಪೇಟೆಯ ಹಳೆಯ ಗೇಮುಗಳೆಲ್ಲ ಆಗ ಸಿಡಿಗಳಲ್ಲಿ ಬರಲು ಶುರುವಾಗಿದ್ದವು. ಭಟ್ಕಳದ ಒಬ್ಬ ಸಾಹೇಬರು ದುಬೈಯಿಂದ ರಜೆಗೆ ಬಂದಾಗ ತಂದಿದ್ದ ಸಿಡಿಗಳ ಕಟ್ಟನ್ನು ಅವಳು ಕೇಳಿ ತಂದಳು. ತುಂಬಿಸಿ ನೋಡಿದರೆ ಎರಡು ಸಾವಿರಕ್ಕೂ ಮಿಕ್ಕಿ ಆಟಗಳು! ಅರ್ಧದಷ್ಟು ತೆರೆಯುವುದಿಲ್ಲ, ಕೆಲವು ಚೀನಿಯೋ ಜಪಾನಿಯೋ ತಿಳಿಯದ ಅಕ್ಷರದವು, ಒಂದೇ ಆಟದ ಏಳೆಂಟು ಪ್ರತಿಗಳು ಬೇರೆ. ಗಿರಾಕಿ ಪಟ್ಟಿ ನೋಡುತ್ತ ನಿಂತರೆ ಅವನ ಬಸ್ಸು ಬಂದು ಹೋಗುತ್ತಿತ್ತು.

"ಒಂದು ಪ್ರೋಗ್ರಾಂ ಬರೀತೆ ಅಕ್ಕಾ, ಬೇಕಾದ್ದು ಮಾತ್ರ ಸೋಸಿ ತೋರ್ಸೂ ಹಾಂಗೆ," ಎಂದೆ. ಆಟದ ಹೆಸರು, ತಯಾರಿಸಿದ ಕಂಪನಿ, ಇಸವಿ, ಇವುಗಳ ಪ್ರಕಾರ ವಿಂಗಡಿಸುವುದು ನನ್ನ ಯೋಚನೆ. ಅವಳು ಬಿದ್ದು ಬಿದ್ದು ನಕ್ಕಳು. "ಅಲ್ಲ ಮಾರಾಯ, ಗಿರಾಕಿ ಬಂದು, ಅಕ್ಕಾ ಎಂಬತ್ನಾಲ್ಕನೇ ಇಸವಿದು ಒಂದು ಕೊಡು ಅಂತ್ನಾ? ಯಾವ ಆಟ ಯಾರಿಗೆ ಆಗ್ತದೆ, ಅದನ್ನ ಬರಿ."

ಹಾಗೆ ಅವಳು ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. 'ಬಸ್ಸಿನ ಆಟ' ಎಂದರೆ ಕುಮಟೆಗೋ ಭಟ್ಕಳಕ್ಕೋ ಹೋಗುವ ಬಸ್ಸು ಬರುವುದರೊಳಗೆ ಮುಗಿಯುವಂಥದ್ದು. 'ಜಗಳದ ಆಟ' ಎಂದರೆ ಇಬ್ಬರು ಎದುರುಬದುರು ಆಡಿ ಕಾಲರು ಹಿಡಿದುಕೊಳ್ಳುವಂಥದ್ದು, ಕಾಲೇಜು ಬಿಡುವ ಹೊತ್ತಿಗೆ ಅದು ಬಂದ್. 'ಸದ್ದಿಲ್ಲದ ಆಟ' ಹಿಂದಿನ ಮಸೀದಿಯಲ್ಲಿ ಬಾಂಗ್ ಆಗುವಾಗ, ಇಲ್ಲವೇ ಗಲ್ಲಿಯಲ್ಲಿ ಹೆಣ ಹೋಗುವಾಗ. 'ಫೇಲಾದವರ ಆಟ' ಎಂಬುದೂ ಇತ್ತು. ಹೇಗೆ ಆಡಿದರೂ ಗೆಲ್ಲುವಂಥವು. ರಿಸಲ್ಟಿನ ದಿನ ಅಂಗಡಿಯಲ್ಲಿ ಅವು ಬಿಟ್ಟರೆ ಬೇರೆ ಆಟ ಇರುತ್ತಿರಲಿಲ್ಲ. ನಾನು ಜಾಣತನದಿಂದ 'ಹೆಣ್ಣುಮಕ್ಕಳ ಆಟ' ಎಂದು ಒಂದು ಕಾಲಂ ಸೇರಿಸಿದೆ. "ಅದೆಂತ? ಹೆಣ್ಮಕ್ಕಳಿಗೆ ಬೇರೆ ಕೈ ಅದೆಯಾ? ತೆಗಿ ಅದನ್ನ," ಎಂದು ಗದರಿದಳು. ತೆಗೆದೆ.

ಬೇಡದ ಆಟಗಳನ್ನು ಅಳಿಸಿಬಿಡೋಣವೇ ಎಂದು ಆಗಲೇ ಕೇಳಿದ್ದೆ. ಅವಳು ಕೊಟ್ಟ ಉತ್ತರ ಇವತ್ತಿಗೂ ಕಿವಿಯಲ್ಲಿದೆ. "ಬಿಸಾಡೂಕಾಗ ತಮ್ಮಾ. ಬದಿಗೆ ಇಡು. ಅದಕ್ಕೂ ಯಾರೋ ಒಬ್ಬ ಗಿರಾಕಿ ಇರ್ತ." ಆತು ಎಂದಿದ್ದೆ.

ಕೊನೆಯ ಕಾಲಂ 'ಒಂದೇ ಕೈ'. ಅದಕ್ಕಾಗಿಯೇ ಅವಳು ಮಧ್ಯಾಹ್ನ ಬಲಗೈ ಕಟ್ಟಿಕೊಂಡು ಒಂದೊಂದೇ ಆಟವನ್ನು ಆಡಿ ನೋಡುತ್ತಿದ್ದದ್ದು. ಎಡಗೈಯಲ್ಲಿ ಹ್ಯಾಂಡಲ್ ಹಿಡಿದರೆ ಬಟನ್ ಒತ್ತಲು ಇನ್ನೊಂದು ಕೈ ಬೇಕು. ಬಟನ್ನೇ ಬೇಡದ ಆಟಗಳು ಬೆರಳೆಣಿಕೆಯವು. ಇದು ಯಾರಿಗೆ ಎಂದು ಒಂದು ದಿನ ಕೇಳಿಯೇಬಿಟ್ಟೆ. ಅವಳು ಕೈ ಬಿಚ್ಚಿಕೊಂಡು ಸ್ಟೂಲಿನ ಮೇಲೆ ಕುಳಿತಳು. "ನಮ್ಮನೆಯವ್ರಿಗೆ," ಎಂದಳು.

ಅವಳ ಗಂಡ ತೆಂಗಿನಗುಂಡಿ ಬಂದರಿನ ಮೀನಿನ ಬೋಟಿನಲ್ಲಿ ಕೆಲಸಕ್ಕಿದ್ದವರು. ಬಲೆ ಎಳೆಯುವ ಯಂತ್ರದ ಹಗ್ಗಕ್ಕೆ ಬಲಗೈ ಸಿಕ್ಕಿ ಮಣಿಕಟ್ಟಿನ ತನಕ ಹೋಯಿತು. ಆಸ್ಪತ್ರೆಯಿಂದ ಮಂಕಿಯ ಮನೆಗೆ ಬಂದವರು ಒಳಕೋಣೆ ಸೇರಿದರು. ಎರಡು ವರ್ಷ ಅಂಗಳಕ್ಕೆ ಇಳಿದಿಲ್ಲ. "ಉಂಬೂಕೂ ನನ್ನೆದುರು ಕೂರೂದಿಲ್ಲ ತಮ್ಮಾ. ಎಡಗೈಯಲ್ಲಿ ಉಂಬೂದು ನಾ ನೋಡೂಕಾಗ ಅಂತ. ಮಾತು ಹೂಂ, ಊಹೂಂ, ಅಷ್ಟೇಯ. ಮೊದ್ಲು ಭಟ್ಕಳ ಪೇಟೆಗೆ ಹೋದ್ರೆ ಈ ಗೇಮಿನ ಎದುರಿಂದ ಎಬ್ಬಿಸಿ ತರೂಕೇ ಸಾಕಾಗ್ತಿತ್ತು. ಅದ್ಕೇ ಈ ಅಂಗಡಿ ಇಟ್ಟದ್ದು. ಒಂದಾದ್ರೂ ಆಟ ಸಿಕ್ರೆ ಹೊರಗೆ ಬತ್ರೇನೋ ಅಂತ." ಅವಳ ಕಣ್ಣಲ್ಲಿ ನೀರಿರಲಿಲ್ಲ.

ಆ ಆಟ ಸಿಕ್ಕ ದಿನ ಅವಳು ಬಲಗೈ ಬಿಚ್ಚಿಕೊಳ್ಳಲೂ ಮರೆತು, ಸೊಂಟಕ್ಕೆ ಸಿಕ್ಕಿಸಿಕೊಂಡ ಹಾಗೆಯೇ ನಮ್ಮ ಮೆಟ್ಟಿಲು ಹತ್ತಿ ಓಡಿ ಬಂದಳು. ಪಾಠ ನಡೆಯುತ್ತಿತ್ತು. "ಸಿಕ್ತು ತಮ್ಮಾ, ದೋಣಿದು! ದೋಣಿದೇ ಸಿಕ್ತು!" ವಿದ್ಯಾರ್ಥಿಗಳೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು. ಅದೊಂದು ಪುಟ್ಟ ದೋಣಿಯ ಆಟ. ಬಂಡೆಗಳ ನಡುವೆ ದೋಣಿ ನಡೆಸಬೇಕು, ಮೀನು ಕಂಡಲ್ಲಿ ಬಲೆ ಹಾಕಬೇಕು. ಅಸಲಿ ಆಟದಲ್ಲಿ ಬಲೆಗೆ ಬಟನ್ ಒತ್ತಬೇಕು. ಆದರೆ ಯಾವುದೋ ದೇಶದಲ್ಲಿ ಯಾರೋ ಅದನ್ನು ಕದ್ದು ನಕಲು ಮಾಡುವಾಗ ಏನೋ ತಿದ್ದಿಬಿಟ್ಟಿದ್ದರು. ಆ ನಕಲಿನಲ್ಲಿ ದೋಣಿ ನಿಂತರೆ ಸಾಕು, ಬಲೆ ತಾನೇ ಬೀಳುತ್ತಿತ್ತು. ಹೆಸರು ಅದೇ, ಚಿತ್ರ ಅದೇ, ಸಂಗೀತವೂ ಅದೇ.

ಅಕ್ಕನ ಗಂಡ ಎಂದ ಮೇಲೆ ನನಗೆ ಭಾವ. ಅವರನ್ನು ಅವಳು ಹೇಗೆ ಹೊರಡಿಸಿದಳೋ ಗೊತ್ತಿಲ್ಲ. ಒಂದು ಮಧ್ಯಾಹ್ನ ಉದ್ದ ತೋಳಿನ ಅಂಗಿ ಹಾಕಿಕೊಂಡು, ತಲೆ ತಗ್ಗಿಸಿ ಶಟರಿನ ಕೆಳಗೆ ನುಗ್ಗಿ ಬಂದರು. ಪೆಟ್ಟಿಗೆಯ ಮುಂದೆ ನಿಂತು ಎಡಗೈಯಲ್ಲಿ ಹ್ಯಾಂಡಲ್ ಹಿಡಿದರು. ಅಕ್ಕ ಬೆನ್ನು ತಿರುಗಿಸಿ ಇನ್ನೊಂದು ಪೆಟ್ಟಿಗೆಯ ಗಾಜನ್ನು ಒರೆಸಿದಳು, ಒರೆಸಿದಳು, ಒರೆಸುತ್ತಲೇ ಇದ್ದಳು. ಕಾಲು ಗಂಟೆಯಾದ ಮೇಲೆ ಭಾವ ಗಟ್ಟಿಯಾಗಿ, "ಇದ್ರ ಗಾಳಿ ಸರಿ ಇಲ್ಲ ಮಾರಾಯ್ತಿ. ತೆಂಕಣ ಗಾಳಿಗೆ ದೋಣಿ ಹೀಂಗೆ ಹೋಗೂದಿಲ್ಲ," ಎಂದರು. ಎರಡು ವರ್ಷದಲ್ಲಿ ಅವರಾಡಿದ ಮೊದಲ ಪೂರ್ತಿ ಮಾತು ಅದು. ಅಕ್ಕ ಆ ಮಾತನ್ನು ಚಾ ಅಂಗಡಿಯವರಿಗೆ, ಕಂಡಕ್ಟರಿಗೆ, ನಮ್ಮ ವಿದ್ಯಾರ್ಥಿಗಳಿಗೆ, ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದಳು.

ಆಮೇಲೆ ಭಾವ ದಿನಾ ಮಂಕಿಯಿಂದ ಒಬ್ಬರೇ ಬಸ್ಸಿನಲ್ಲಿ ಬರತೊಡಗಿದರು. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತರು, ಗಿರಾಕಿಗಳನ್ನು ಗದರಿದರು, ನನ್ನ ಜೊತೆ ಚಾ ಕುಡಿದರು. ಅಕ್ಕನ ಎದುರಿಗೇ ಎಡಗೈಯಲ್ಲಿ ಉಂಡರು. ಕುಮಟೆಯಲ್ಲಿ ಇನ್ನೊಂದು ಅಂಗಡಿ ಇಟ್ಟರೆ ತಾನೇ ನೋಡಿಕೊಳ್ಳುತ್ತೇನೆ ಎಂದು ಅವರ ಬಾಯಿಂದಲೇ ಬಂತು. ಆ ವಾರ ಅಕ್ಕ ನಡೆಯುತ್ತಿರಲಿಲ್ಲ, ಹಾರುತ್ತಿದ್ದಳು.

ಕುಮಟೆಯ ಅಂಗಡಿಗೆ ಇನ್ನೊಂದು ಕಂಪ್ಯೂಟರಿನಲ್ಲಿ ಆಟ ತುಂಬಿಸಬೇಕಿತ್ತು. ಅದರ ಹಾರ್ಡ್ ಡಿಸ್ಕ್ ಚಿಕ್ಕದು, ಎಲ್ಲ ಹಿಡಿಸುವುದಿಲ್ಲ. ನನಗೋ ಹುರುಪು. ನನ್ನ ಪ್ರೋಗ್ರಾಮಿಗೆ 'ನಕಲು ತೆಗೆ' ಎಂಬ ಒಂದು ಬಟನ್ ಸೇರಿಸಿದೆ. ಒಂದೇ ಆಟದ ಪ್ರತಿಗಳಲ್ಲಿ ಅಸಲಿಯೊಂದನ್ನು ಉಳಿಸಿ ಮಿಕ್ಕಿದ್ದನ್ನೆಲ್ಲ ಅಳಿಸುವುದು ಅದರ ಕೆಲಸ. ಅಕ್ಕ ಕುಮಟೆಗೆ ಕೋಣೆ ನೋಡಲು ಹೋದ ದಿನ, ಹೊನ್ನಾವರದ ಪೆಟ್ಟಿಗೆಯಲ್ಲೇ ಪರೀಕ್ಷೆ ಮಾಡಿದೆ. ಒತ್ತಿದೆ. ಚಾ ಮುಗಿಯುವಷ್ಟರಲ್ಲಿ ಏಳುನೂರು ಚಿಲ್ಲರೆ ಆಟ ಮಾಯ. ಉಳಿದ ಜಾಗಕ್ಕೆ ಬೇರೆ ಫೈಲುಗಳನ್ನೂ ತುಂಬಿಸಿ, ಕಸ ಗುಡಿಸಿದ ಅಂಗಳ ನೋಡುವವನ ಹಾಗೆ ಪಟ್ಟಿ ನೋಡಿ ಖುಷಿಪಟ್ಟೆ. ದೋಣಿಯ ಆಟ ಪಟ್ಟಿಯಲ್ಲಿ ಇತ್ತು. ಅಸಲಿ.

ಭಾವ ಮಧ್ಯಾಹ್ನದ ಬಸ್ಸಿಗೆ ಬಂದರು. ಅಂಗಡಿಯಲ್ಲಿ ಆರೇಳು ಜನ ಇದ್ದರು. ಅವರಿಗೆ ಭಾವನ ಆಟ ನೋಡುವುದೇ ಒಂದು ಖುಷಿ, ಜಾಗ ಬಿಟ್ಟುಕೊಟ್ಟರು. ದೋಣಿ ಹೋಯಿತು, ಬಂಡೆ ತಪ್ಪಿಸಿತು, ಮೀನಿನ ಮೇಲೆ ನಿಂತಿತು. ಬಲೆ ಬೀಳಲಿಲ್ಲ. ಮತ್ತೆ ನಿಲ್ಲಿಸಿದರು. ಬೀಳಲಿಲ್ಲ. ಮೂರನೇ ಸಲ ಮೊಂಡುಗೈಯನ್ನು ಅಂಗಿಯ ತೋಳಿನಿಂದ ಹೊರಗೆ ತೆಗೆದು ಬಟನ್ ಮೇಲೆ ಇಟ್ಟು ಒತ್ತಲು ನೋಡಿದರು, ಜಾರಿತು. ನನ್ನ 'ನಕಲು ತೆಗೆ' ಬಟನ್ ಅಳಿಸಿದ್ದು ಭಾವನ ಆ ನಕಲನ್ನೇ ಎಂದು ಆಗ ಹೊಳೆಯಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ಭಾವ ಬೈದು ಅಲ್ಲೇ ನಿಲ್ಲುತ್ತಿದ್ದರೋ ಏನೋ. ಒಬ್ಬ ಒಳ್ಳೆಯ ಯುವಕ ಮುಂದೆ ಬಂದು ಮೆಲ್ಲಗೆ, "ಅಣ್ಣಾ, ನೀವು ದೋಣಿ ಬಿಡಿ, ಬಟನ್ ನಾ ಒತ್ಲಾ?" ಎಂದ. ಭಾವ ಅವನನ್ನು ನೋಡಿದರು. ತೋಳನ್ನು ಕೆಳಗೆ ಎಳೆದುಕೊಂಡರು. "ಬೇಡ. ಇದು ಎರಡು ಕೈ ಇದ್ದೂರದ್ದು," ಎಂದು ಹೊರಗೆ ನಡೆದರು. ನಾನು ಹಿಂದೆ ಓಡಬೇಕಿತ್ತು. ನಿಂತೇ ಇದ್ದೆ.

ಸಂಜೆ ಅಕ್ಕ ಕುಮಟೆಯ ಬಸ್ಸಿನಿಂದ ಇಳಿದವಳೇ ಸುದ್ದಿ ಕೇಳಿ ನಮ್ಮ ಮೆಟ್ಟಿಲು ಹತ್ತಿದಳು. "ಎಂತಾ ಆತು ತಮ್ಮಾ? ಆಟ ಎಲ್ಲಿ ಹೋತು?" ನಾನು 'ಅಳಿಸಿದೆ' ಎನ್ನಬೇಕಿತ್ತು. ನಾಲ್ಕಕ್ಷರ. ನನ್ನ ಬಾಯಿಂದ ಬಂದದ್ದು ಬೇರೆ. "ವೈರಸ್ ಬಂದದೆ ಅಕ್ಕಾ."

"ಅಂದ್ರೆ?"

"ಹೊರಗಿನ ಸಿಡಿ ಎಂತಾದ್ರೂ ಹಾಕಿದ್ರೆ ಬರೂದು. ಆಟನೆಲ್ಲ ತಿಂದು ಹಾಕ್ತದೆ."

ಅವಳು ಮೆಟ್ಟಿಲ ಮೇಲೆಯೇ ಕುಳಿತಳು. "ನಾನೇ ಹಾಕಿದ್ದು ತಮ್ಮಾ. ಮೊನ್ನೆ. ಯಾರೋ ಗಿರಾಕಿ ಹಾಡಿನ ಸಿಡಿ ಕೊಟ್ಟಿದ್ದ. ಕುಮಟೆ ಅಂಗಡಿ ಆಗ್ತದಲ್ಲ ಅಂತ ಖುಷಿಗೆ, ಹಾಡು ಕೇಂಬ ಅಂತ ಹಾಕಿದ್ದೆ."

ಅಲ್ಲ ಅಕ್ಕಾ, ಅದರಿಂದ ಅಲ್ಲ ಎನ್ನಲು ಆಗಲೂ ಹೊತ್ತು ಮೀರಿರಲಿಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳುವಷ್ಟು ಹೊತ್ತು ಸಮಯ ಇತ್ತು. ಥೂ ನನ್ನ ಜನ್ಮಕ್ಕೆ, ನಾನು ಕೀಬೋರ್ಡಿನ ಧೂಳು ಊದುತ್ತ ಕುಳಿತೆ.

ಭಾವ ಮತ್ತೆ ಒಳಕೋಣೆ ಸೇರಿದರು. ಕುಮಟೆಯ ಅಂಗಡಿಯ ಮಾತು ನಿಂತಿತು. ಭಟ್ಕಳದ ಸಾಹೇಬರು ಸಿಡಿಗಳ ಸಮೇತ ದುಬೈಗೆ ಮರಳಿದ್ದರು. ಅಕ್ಕ ಹೊನ್ನಾವರ, ಕುಮಟೆ, ಭಟ್ಕಳ ಮೂರೂ ಊರುಗಳಲ್ಲಿ ಸಿಡಿ ಮಾರುವವರನ್ನೆಲ್ಲ ಕೇಳಿ ಬಂದಳು. ಎಲ್ಲರ ಹತ್ತಿರವೂ ಅಸಲಿಯೇ, ಬಟನ್ ಒತ್ತುವುದೇ. ಪೆಟ್ಟಿಗೆಯೊಳಗಿನ ಕಂಪ್ಯೂಟರಿನ ಸಿಡಿ ಬಾಗಿಲಿಗೆ ಅವಳು ಗಾಯಕ್ಕೆ ಹಚ್ಚುವ ಪಟ್ಟಿ ಅಂಟಿಸಿಬಿಟ್ಟಳು. ಯಾರಾದರೂ ಯಾಕೆಂದು ಕೇಳಿದರೆ, "ನಾ ಒಂದ್ಸಲ ತಪ್ಪು ಮಾಡಿದ್ದೆ," ಎನ್ನುತ್ತಿದ್ದಳು. ದಿನಕ್ಕೆ ಎರಡು ಸಲ ಆ ಪಟ್ಟಿಯ ಎದುರಿಂದಲೇ ನಾನು ಮೆಟ್ಟಿಲು ಹತ್ತಿ ಇಳಿಯುತ್ತಿದ್ದೆ.

ಅದಾದ ಮೂರನೇ ಮಳೆಗಾಲದಲ್ಲಿ ಭಾವ ಹೋದರು. ಕಾಮಾಲೆ. ಕತ್ತಲೆ ಕೋಣೆಯಲ್ಲಿ ಕಣ್ಣು ಹಳದಿಯಾದದ್ದು ಯಾರಿಗೂ ಕಾಣಲಿಲ್ಲ, ತಿಳಿಯುವಾಗ ಹೊತ್ತು ಮೀರಿತ್ತು. ಮಂಕಿಗೆ ಹೋಗಿದ್ದೆ. "ಬಸ್ಸಿಗೆ ಬತ್ತಾ ಇದ್ದಿದ್ರೆ ಯಾರಾದ್ರೂ ಬಿಸಿಲಲ್ಲಿ ಮುಖ ನೋಡಿ ಹೇಳ್ತಿದ್ರು ತಮ್ಮಾ, ಕಣ್ಣು ಹಳದಿ ಆಗ್ಯದೆ, ಆಸ್ಪತ್ರೆಗೆ ಹೋಗು ಅಂತ," ಎಂದಳು. ಆಮೇಲೆ ತನ್ನ ಬಲಗೈಯನ್ನೇ ನೋಡಿಕೊಂಡು, "ಈ ಕೈಯೇ ಸಿಡಿ ಹಾಕಿದ್ದು," ಎಂದಳು. ಅಲ್ಲಿ ಜನ ತುಂಬಿದ್ದರು. ಹೇಳಲಿಲ್ಲ. ಜನ ಇಲ್ಲದಿದ್ದರೂ ಹೇಳುತ್ತಿರಲಿಲ್ಲ.

ನನಗೆ ಕುಮಟೆಯ ಶಾಲೆಯಲ್ಲಿ ಕೆಲಸ ಸಿಕ್ಕಿತು. ಮೊಬೈಲಿನಲ್ಲೇ ಆಟ ಬಂದ ಮೇಲೆ ಅವಳ ಅಂಗಡಿಯೂ ಮುಚ್ಚಿತು. ಆದರೆ ನಾನು ಆ ನಕಲನ್ನು ಹುಡುಕುವುದು ಬಿಡಲಿಲ್ಲ. ಇಂಟರ್‌ನೆಟ್ ಸರಾಗವಾದ ಮೇಲೆ ಒಂದು ರಜೆಯ ದಿನ ಕೊನೆಗೂ ಸಿಕ್ಕಿತು. ಶಾಲೆಯ ಲ್ಯಾಪ್‌ಟಾಪು ಹೆಗಲಿಗೆ ಹಾಕಿಕೊಂಡು ಮಂಕಿಗೆ ಹೊರಟೆ. ಧಾರೇಶ್ವರ ದಾಟುವಷ್ಟರಲ್ಲಿ ಹೇಳಬೇಕಾದ ಮಾತನ್ನು ಹತ್ತು ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದೆ. ಇವತ್ತು ಹೇಳಿಯೇ ಬರುವುದು ಎಂದು.

ಬಡಕಲಾಗಿದ್ದಳು. ಚಾ ಮಾಡಿದಳು. ಜಗಲಿಯಲ್ಲಿ ಲ್ಯಾಪ್‌ಟಾಪು ತೆರೆದು ಆಟ ಹಾಕಿದೆ. ನಾನು ಏನೂ ಹೇಳದೆಯೇ ಅವಳು ಸೆರಗನ್ನು ಬಲಗೈಗೆ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಎಡಗೈಯ ಬೆರಳುಗಳಲ್ಲಿ ದೋಣಿ ನಡೆಸಿದಳು. ಮೀನಿನ ಮೇಲೆ ನಿಲ್ಲಿಸಿದಳು. ಬಲೆ ತಾನಾಗಿ ಬಿತ್ತು. "ಇದೇ," ಎಂದಳು. ಇನ್ನಷ್ಟು ದೂರ ಹೋದ ಮೇಲೆ, "ಗಾಳಿ ಇನ್ನೂ ಸರಿ ಆಗ್ಲಿಲ್ಲ ಕಾಣ್ತದೆ," ಎಂದು ನಕ್ಕಳು, ನಗುತ್ತಲೇ ಅಳತೊಡಗಿದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಅಕ್ಕಾ," ಎಂದೆ. "ಆ ದಿನ—"

"ಆ ದಿನದ್ದು ಬೇಡ ತಮ್ಮಾ. ನಾ ಮಾಡಿದ್ದು ನಾ ಉಂಡೆ. ಆದ್ರೆ ನೀ ಇಷ್ಟು ವರ್ಷ ಹುಡ್ಕಿದ್ಯಲ್ಲ! ಒಡಹುಟ್ಟಿದೂರೂ ಹೀಂಗೆ ಮಾಡೂದಿಲ್ಲ." ಎಡಗೈಯನ್ನು ನನ್ನ ತಲೆಯ ಮೇಲೆ ಇಟ್ಟಳು. ಬಲಗೈ ಸೊಂಟದಲ್ಲೇ ಇತ್ತು. ನಾನು ಉಳಿದ ಚಾ ಕುಡಿದು, "ಬಸ್ಸಿಗೆ ಹೊತ್ತಾತು ಅಕ್ಕಾ," ಎಂದೆ. ಬೇಡ ಬೇಡ ಎಂದರೂ ರಸ್ತೆಯ ತನಕ ಬಂದು, ಬಸ್ಸು ಹತ್ತಿಸಿ, ಕೈ ಬೀಸಿದಳು. ಅದೇ ಕೊನೆ.

ಈಗ ಬರೆಯುತ್ತಿದ್ದೇನೆ. ಕೇಳಬೇಕಾದವಳು ಇಲ್ಲದಾಗ ಹೇಳುವುದಕ್ಕೆ ಧೈರ್ಯ ಬೇಡ, ಗೊತ್ತು. ಆದರೂ ಹೇಳುತ್ತೇನೆ. ಅಕ್ಕಾ, ವೈರಸ್ ಬಂದಿರಲಿಲ್ಲ. ನೀನು ಹಾಕಿದ ಸಿಡಿಯಲ್ಲಿ ಹಾಡು ಬಿಟ್ಟರೆ ಬೇರೇನೂ ಇರಲಿಲ್ಲ.